ಮುಪ್ಪರಿಯದ ಮೋಟಾರುಗಳು

ಹಳೆಯ ಕಾಲದ ಮೋಟಾರು ಕಾರುಗಳಲ್ಲಿ ಚಾಲಕನ ಕಣ್ಣೆದುರಿಗೆ, ಓಡಿದ ದೂರವನ್ನು ಲೆಕ್ಕವಿಡುವ ಒಂದು ಪುಟ್ಟ ಮೀಟರು ಇರುತ್ತಿತ್ತು. ಸಾಮಾನ್ಯವಾಗಿ ಅದರಲ್ಲಿ ಅಂಕೆಗಳಿಗೆ ಐದೇ ಮನೆ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಮುಗಿದ ಮರುಕ್ಷಣವೇ ಐದು ಚಕ್ರಗಳೂ ಒಟ್ಟಿಗೆ ಉರುಳಿ, ಸಾಲಾಗಿ ಐದು ಸೊನ್ನೆಗಳು ಕಾಣಿಸಿಕೊಳ್ಳುತ್ತಿದ್ದವು. ಆರನೆಯದೊಂದು ಮನೆ ಬೇಕಾದೀತೆಂದು ತಯಾರಕರಿಗೆ ತೋರಿರಲಿಲ್ಲ. ಲಕ್ಷ ದಾಟುವಷ್ಟರಲ್ಲಿ ಗಾಡಿ ಗುಜರಿಯ ಪಾಲಾಗಿರುತ್ತದೆಂಬುದು ಅವರ ಎಣಿಕೆಯಾಗಿದ್ದಿರಬೇಕು.

ಈ ಎಣಿಕೆಯನ್ನು ಒಂದಲ್ಲ, ಎರಡಲ್ಲ, ಮೂವತ್ತೆರಡು ಬಾರಿ ಸುಳ್ಳುಮಾಡಿ ತೋರಿಸಿದವರು ಅಮೆರಿಕದ ಒಬ್ಬ ಶಾಲಾ ಉಪಾಧ್ಯಾಯರು. ನ್ಯೂಯಾರ್ಕಿಗೆ ಅಂಟಿಕೊಂಡಿರುವ ಲಾಂಗ್ ಐಲೆಂಡಿನಲ್ಲಿ ಮಕ್ಕಳಿಗೆ ವಿಜ್ಞಾನ ಬೋಧಿಸುತ್ತಿದ್ದ ಇರ್ವ್ ಗಾರ್ಡನ್ ಅವರ ಹೆಸರು. ೧೯೬೬ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ, ಇಪ್ಪತ್ತೈದರ ಹರೆಯದ ಆತ, ಸ್ವೀಡನ್ ದೇಶದ ವೋಲ್ವೋ ಕಂಪನಿಯ ಪಿ-೧೮೦೦ ಎಂಬ ಮಾದರಿಯ ಕೆಂಪು ಕಾರೊಂದನ್ನು ಕೊಂಡುಕೊಂಡರು. ಬೆಲೆ ನಾಲ್ಕು ಸಾವಿರದ ನೂರ ಐವತ್ತು ಡಾಲರು. ಅದೇ ತಿಂಗಳಲ್ಲಿ ಭಾರತದ ರೂಪಾಯಿ ಅಪಮೌಲ್ಯಗೊಂಡು ಡಾಲರಿಗೆ ಏಳೂವರೆ ರೂಪಾಯಿಯಾಗಿತ್ತು. ಆ ದರದಲ್ಲಿ ಎಣಿಸಿದರೆ ಮೂವತ್ತೊಂದು ಸಾವಿರ ರೂಪಾಯಿಗೂ ಮಿಕ್ಕ ಹಣ. ಉಪಾಧ್ಯಾಯರಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ಸಂಬಳ. ಅದಕ್ಕೆ ಮೊದಲು ಕೊಂಡಿದ್ದ ಕಾರುಗಳು ಪದೇ ಪದೇ ನಡುದಾರಿಯಲ್ಲಿ ಕೈಕೊಟ್ಟು ಆತನನ್ನು ರೋಸಿ ಹೋಗುವಂತೆ ಮಾಡಿದ್ದವು. ನೆಚ್ಚಿ ಕೂರಬಹುದಾದ ಒಂದು ಗಾಡಿ ಬೇಕು ಎಂಬುದಷ್ಟೇ ಆತನ ಆಸೆ.

ಕಾರು ಕೈಗೆ ಬಂದ ಸಂಭ್ರಮ ಎಷ್ಟಿತ್ತೆಂದರೆ ಮೊದಲ ನಲವತ್ತೆಂಟು ಗಂಟೆಗಳಲ್ಲಿಯೇ ಸಾವಿರದ ಐನೂರು ಮೈಲಿ ಓಡಿಸಿಬಿಟ್ಟರು. ವಾರಾಂತ್ಯ ಕಳೆದೊಡನೆಯೇ ಮೊದಲನೆಯ ಸರ್ವಿಸಿಗೆಂದು ಅದೇ ಅಂಗಡಿಯ ಮುಂದೆ ಹಾಜರಾದರು. ಮುಂದೆ ಪ್ರತಿದಿನವೂ ಶಾಲೆಗೆ ಹೋಗಿಬರಲು ನೂರ ಇಪ್ಪತ್ತೈದು ಮೈಲಿ. ರಜೆ ಬಂತೆಂದರೆ ದೇಶಾಟನೆ. ೧೯೮೭ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹತ್ತು ಲಕ್ಷ ಮೈಲಿ ತುಂಬಿತು. ೧೯೯೮ರಲ್ಲಿ, ಬಾಡಿಗೆಗಲ್ಲದೆ ಸ್ವಂತಕ್ಕೆಂದು ಒಬ್ಬನೇ ಒಡೆಯ ಅತಿ ಹೆಚ್ಚು ದೂರ ಓಡಿಸಿದ ಕಾರು ಎಂದು ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಹೆಸರು ಬಂತು. ೨೦೦೨ರಲ್ಲಿ ಟೈಮ್ಸ್ ಚೌಕದಲ್ಲಿ ಇಪ್ಪತ್ತು ಲಕ್ಷ. ೨೦೧೩ರ ಸೆಪ್ಟೆಂಬರ್ ೧೮ರಂದು ಹಿಮದ ನಾಡಾದ ಅಲಾಸ್ಕದ ಹೆದ್ದಾರಿಯೊಂದರಲ್ಲಿ ಮೂವತ್ತು ಲಕ್ಷ ಮೈಲಿ. ೨೦೧೮ರ ನವೆಂಬರಿನಲ್ಲಿ ಆತ ತೀರಿಕೊಂಡಾಗ ಲೆಕ್ಕ ಮೂವತ್ತೆರಡು ಲಕ್ಷವನ್ನು ದಾಟಿತ್ತು. ಕಿಲೋಮೀಟರಿಗೆ ತಿರುಗಿಸಿದರೆ ಐವತ್ತೊಂದು ಲಕ್ಷಕ್ಕೂ ಹೆಚ್ಚು. ಭೂಮಿಯ ನಡುವಿಗೆ ಒಂದು ಸುತ್ತು ಹಾಕಲು ನಲವತ್ತು ಸಾವಿರ ಕಿಲೋಮೀಟರು. ಆ ಕೆಂಪು ಕಾರು ನೂರ ಇಪ್ಪತ್ತೈದಕ್ಕೂ ಹೆಚ್ಚು ಪ್ರದಕ್ಷಿಣೆ ಹಾಕಿದಂತಾಯಿತು.

ಉಪಾಧ್ಯಾಯರ ಗುಟ್ಟು

ಇದರಲ್ಲಿ ಪವಾಡವೇನಾದರೂ ಇತ್ತೇ? ಗಾರ್ಡನ್ ಅವರನ್ನು ಭೇಟಿಯಾದ ಪತ್ರಕರ್ತರೆಲ್ಲರೂ ಕೇಳಿದ ಪ್ರಶ್ನೆ ಇದೇ. ಅವರು ಕೊಟ್ಟ ಉತ್ತರದಿಂದ ಬಹುಮಂದಿಗೆ ನಿರಾಶೆಯಾಗಿದ್ದರೆ ಆಶ್ಚರ್ಯವಿಲ್ಲ. ಕಾರಿನ ಜೊತೆಯಲ್ಲಿ ಕಂಪನಿಯವರು ಕೊಟ್ಟ ಕೈಪಿಡಿಯನ್ನು ಓದಿ, ಅದರಲ್ಲಿ ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡಿದೆ ಎಂಬುದೇ ಆ ಉತ್ತರ! ಮೂರು, ಮೂರೂವರೆ ಸಾವಿರ ಮೈಲಿಗೊಮ್ಮೆ ಇಂಜಿನಿನ ಆಯಿಲ್ ಬದಲಾವಣೆ, ಕೊಳೆ ನಿಲ್ಲದಂತೆ ಮೇಲಿಂದ ಮೇಲೆ ತೊಳೆಯುವುದು, ಹೊಸದೊಂದು ಸದ್ದು ಕೇಳಿದರೆ ಅದರ ಮೂಲವನ್ನು ಅಂದೇ ಹುಡುಕುವುದು. ಇಂಜಿನನ್ನು ಮೊದಲ ಬಾರಿಗೆ ಪೂರ್ತಿಯಾಗಿ ಬಿಚ್ಚಿ ಜೋಡಿಸಿದ್ದು ಆರು ಲಕ್ಷದ ಎಂಬತ್ತು ಸಾವಿರ ಮೈಲಿ ಓಡಿದ ಮೇಲೆ. ಆಯುಧಪೂಜೆಯ ದಿನ ಗಾಡಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು, ಉಳಿದ ಮುನ್ನೂರ ಅರವತ್ತನಾಲ್ಕು ದಿನ ಬಾನೆಟ್ಟನ್ನೇ ಎತ್ತಿ ನೋಡದ ಭಕ್ತರು ಇಲ್ಲಿ ಸ್ವಲ್ಪ ಹೊತ್ತು ನಿಂತು ಯೋಚಿಸಬಹುದು.

ಗಾಡಿಯ ಹುಟ್ಟುಗುಣವೂ ಒಂದಷ್ಟು ಇತ್ತು, ಇಲ್ಲವೆನ್ನಲಾಗದು. ಆ ವೋಲ್ವೋ ಕಾರಿಗೆ ಬೀಡುಕಬ್ಬಿಣದ ಸಾವಿರದ ಏಳುನೂರ ಎಂಬತ್ತು ಸಿ.ಸಿ.ಯ ನಾಲ್ಕು ಸಿಲಿಂಡರಿನ ಇಂಜಿನು. ಅದರೊಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ಹೊತ್ತು ನಿಲ್ಲಲು ಐದು ಬೇರಿಂಗುಗಳು. ಆ ಕಾಲದ ಅನೇಕ ಕಾರುಗಳಲ್ಲಿ ಮೂರೇ ಇರುತ್ತಿದ್ದವು. ನೋಡಲು ಓಟದ ಕಾರಿನಂತಿದ್ದರೂ, ಅದರ ಎದೆ ಎತ್ತಿನಗಾಡಿಯ ಅಚ್ಚಿನಂತೆ ಗಟ್ಟಿ. ಆದರೆ ಅದೇ ಮಾದರಿಯ ಕಾರುಗಳನ್ನು ೧೯೬೧ರಿಂದ ೧೯೭೩ರವರೆಗೆ ಸಾವಿರಗಟ್ಟಲೆ ತಯಾರಿಸಿದರು. ಅವುಗಳಲ್ಲಿ ಮೂವತ್ತು ಲಕ್ಷ ಮೈಲಿ ಓಡಿದ್ದು ಒಂದೇ. ಇನ್ನೂ ಹತ್ತು ಲಕ್ಷ ಓಡುವುದು ಕಾರಿಗಿಂತ ತನ್ನನ್ನೇ ಹೆಚ್ಚು ಅವಲಂಬಿಸಿದೆ ಎಂದು ಗಾರ್ಡನ್ ನಗುತ್ತಾ ಹೇಳುತ್ತಿದ್ದುದುಂಟು.

ಇನ್ನೊಂದು ಅಂಶವನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ದಿನಕ್ಕೆ ನೂರ ಇಪ್ಪತ್ತೈದು ಮೈಲಿ ಓಡಿದ್ದರಿಂದ ಆ ಕಾರು ಸವೆಯಲಿಲ್ಲ. ಅಷ್ಟು ದೂರ ಓಡಿದ್ದರಿಂದಲೇ ಉಳಿಯಿತು. ಕೇಳಲು ವಿಚಿತ್ರವಾದರೂ ಯಂತ್ರಶಾಸ್ತ್ರ ಬಲ್ಲವರು ಒಪ್ಪುವ ಮಾತು ಇದು. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿನ ತಟ್ಟೆಗೆ ಇಳಿದುಹೋಗಿರುತ್ತದೆ. ಬೆಳಗ್ಗೆ ಚಾಲೂ ಮಾಡಿದಾಗ ಅದು ಮೇಲೇರಿ ಎಲ್ಲ ಸಂದುಗಳನ್ನೂ ಸೇರುವವರೆಗೆ ಲೋಹಕ್ಕೆ ಲೋಹ ಉಜ್ಜುವ ಅಪಾಯವಿದೆ. ಇಂಜಿನು ಕಾಯುವವರೆಗೆ ಪೆಟ್ರೋಲಿನ ಪಾಲು ಹೆಚ್ಚಾಗಿ, ಸಿಲಿಂಡರಿನ ಗೋಡೆಗೆ ಅಂಟಿದ ಆಯಿಲನ್ನು ಅದು ತೊಳೆದುಬಿಡುತ್ತದೆ. ಇದರ ಜೊತೆಗೆ ನೀರು! ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಇಂಜಿನು ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಸೈಲೆನ್ಸರಿನ ಮೂಲಕ ಹೊರಟುಹೋಗುತ್ತದೆ. ಕಾಯದಿದ್ದರೆ ಒಳಗೇ ಹನಿಗಟ್ಟಿ, ಒಂದಷ್ಟು ಆಯಿಲಿಗೆ ಬೆರೆತು, ಒಂದಷ್ಟು ಸೈಲೆನ್ಸರಿನಲ್ಲಿ ನಿಂತು ತುಕ್ಕು ಹಿಡಿಸುತ್ತದೆ.

ಜಯನಗರದ ಮನೆಯಿಂದ ತರಕಾರಿ ಮಾರುಕಟ್ಟೆಗೆ, ಅಲ್ಲಿಂದ ಮಗುವಿನ ಶಾಲೆಗೆ, ಸಂಜೆ ದೇವಸ್ಥಾನಕ್ಕೆ, ಹೀಗೆ ಒಂದೊಂದು ಸಲಕ್ಕೆ ಎರಡು ಮೂರು ಕಿಲೋಮೀಟರು ಓಡುವ ಕಾರು, ‘ಬರೀ ಮೂವತ್ತು ಸಾವಿರ ಓಡಿದೆ, ಹೊಸದರ ಹಾಗಿದೆ’ ಎಂಬ ಹೊಗಳಿಕೆಗೆ ಪಾತ್ರವಾಗುತ್ತದೆ. ಒಳಗೆ ಅದು, ಹುಬ್ಬಳ್ಳಿಗೂ ಬೆಂಗಳೂರಿಗೂ ಹೆದ್ದಾರಿಯಲ್ಲಿ ಓಡಾಡಿ ಎರಡು ಲಕ್ಷ ಮುಟ್ಟಿಸಿದ ಕಾರಿಗಿಂತ ಹೆಚ್ಚು ದಣಿದಿರಬಹುದು. ಹಳೆಯ ಕಾರು ಕೊಳ್ಳುವವರು ಮೀಟರಿನ ಅಂಕೆಯೊಂದನ್ನೇ ನೋಡಿ ಮಾರುಹೋಗಬಾರದೆನ್ನುವುದು ಇದಕ್ಕೇ. ಅಂಕೆಯನ್ನು ಹಿಂದಕ್ಕೆ ತಿರುಗಿಸುವ ಕೈಚಳಕದವರೂ ಪೇಟೆಯಲ್ಲಿದ್ದಾರೆ. ಬ್ರೇಕಿನ ಪೆಡಲ್ ಮೇಲಿನ ರಬ್ಬರು, ಸ್ಟೀರಿಂಗಿನ ಮೈ, ಚಾಲಕನ ಆಸನದ ಅಂಚು ಇವು ಮೂರು ಸಾಕ್ಷಿಗಳು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ದುಡಿಯುವ ಗಾಡಿಗಳು

ಇದೇ ಮಾತಿಗೆ ಬಾಡಿಗೆಯ ಗಾಡಿಗಳು ಇನ್ನೂ ಬಲವಾದ ಸಾಕ್ಷಿ. ಗ್ರೀಸ್ ದೇಶದ ಗ್ರೆಗೋರಿಯೋಸ್ ಸಚಿನಿದಿಸ್ ಎಂಬ ಟ್ಯಾಕ್ಸಿ ಚಾಲಕ ೧೯೭೬ರ ಮಾದರಿಯ ಮರ್ಸಿಡಿಸ್ ಡೀಸೆಲ್ ಕಾರೊಂದನ್ನು ಹಳೆಯದಾಗಿದ್ದಾಗಲೇ ಕೊಂಡು ದುಡಿಸಿದ. ೨೦೦೪ರಲ್ಲಿ ಅದು ತಯಾರಕರ ವಸ್ತುಸಂಗ್ರಹಾಲಯವನ್ನು ಸೇರಿದಾಗ ಓಡಿದ್ದುದು ನಲವತ್ತಾರು ಲಕ್ಷ ಕಿಲೋಮೀಟರು. ಆತ ಗಾರ್ಡನ್ ಅವರಂತೆ ಒಂದೇ ಇಂಜಿನಿಗೆ ಗಂಟುಬಿದ್ದವನಲ್ಲ. ಒಂದು ಇಂಜಿನು ದುರಸ್ತಿಯಲ್ಲಿದ್ದಾಗ ಇನ್ನೊಂದನ್ನು ಕೂರಿಸಿ ಸಂಪಾದನೆ ನಿಲ್ಲದಂತೆ ನೋಡಿಕೊಂಡ ವ್ಯವಹಾರಸ್ಥ. ಹಿಡಿಯೂ ಬದಲಾಗಿ ಅಲಗೂ ಬದಲಾದ ಕೊಡಲಿ ಅಜ್ಜನದೇ ಹೌದೇ ಎಂಬ ತರ್ಕವನ್ನು ಇಲ್ಲಿ ಯಾರಾದರೂ ಎತ್ತಬಹುದು. ಟ್ಯಾಕ್ಸಿಯಲ್ಲಿ ಹೊಟ್ಟೆ ಹೊರೆಯುವವನಿಗೆ ಆ ತರ್ಕಕ್ಕೆ ಬಿಡುವಿರಲಿಲ್ಲ.

ಅಮೆರಿಕದ ಲೂಸಿಯಾನ ಪ್ರಾಂತದ ವಿಕ್ಟರ್ ಶೆಪರ್ಡ್ ಎಂಬಾತನ ಕಥೆ ಇನ್ನೂ ಇತ್ತೀಚಿನದು. ೨೦೦೭ರ ಮಾದರಿಯ ಟೊಯೋಟ ಕಂಪನಿಯ ಟಂಡ್ರಾ ಎಂಬ ಟ್ರಕ್ಕಿನಲ್ಲಿ ಆತ ದೂರದ ರಾಜ್ಯಗಳಿಗೆ ಸರಕು ಸಾಗಿಸುತ್ತಿದ್ದ. ವರ್ಷಕ್ಕೆ ಸರಾಸರಿ ಒಂದೂಕಾಲು ಲಕ್ಷ ಮೈಲಿ ಓಟ. ೨೦೧೬ರಲ್ಲಿ ಹತ್ತು ಲಕ್ಷ ಮೈಲಿ ಮುಟ್ಟಿದಾಗ ಮೀಟರಿನ ಆರು ಮನೆಗಳೂ ಒಂಬತ್ತರಲ್ಲಿ ನಿಂತು ಮುಂದೆ ಕದಲಲಿಲ್ಲ. ಇಂಜಿನು, ಗೇರುಪೆಟ್ಟಿಗೆ ಎರಡೂ ಕಾರ್ಖಾನೆಯಿಂದ ಬಂದವೇ. ಕಂಪನಿಯವರು ಆತನಿಗೆ ಹೊಸದೊಂದು ಟ್ರಕ್ಕನ್ನು ಕೊಟ್ಟು ಹಳೆಯದನ್ನು ತೆಗೆದುಕೊಂಡು ಹೋಗಿ, ಯಾವ ಭಾಗ ಎಷ್ಟು ಸವೆದಿದೆಯೆಂದು ತಿಳಿಯಲು ಬಿಚ್ಚಿ ನೋಡಿದರು.

ಲಾರಿಗಳ ವಿಷಯದಲ್ಲಿ ಕಾರಿನವರು ಅರಿಯದ ಒಂದು ಅನುಕೂಲವಿದೆ. ಪೆಟ್ರೋಲ್ ಕಾರಿನ ಇಂಜಿನು ಸವೆದು ‘ಬೋರಿಗೆ ಬಂದಾಗ’ ಸಿಲಿಂಡರಿನ ರಂಧ್ರವನ್ನೇ ಕೂದಲೆಳೆಯಷ್ಟು ಅಗಲಮಾಡಿ ದೊಡ್ಡ ಪಿಸ್ಟನ್ ಹಾಕಬೇಕಾಗುತ್ತದೆ. ಹೀಗೆ ಮಾಡುವುದಕ್ಕೆ ಒಂದು ಮಿತಿಯುಂಟು. ದೊಡ್ಡ ಡೀಸೆಲ್ ಇಂಜಿನುಗಳಲ್ಲಿ ಸಿಲಿಂಡರಿನ ಒಳಗೆ ಲೈನರು ಎಂಬ ಬೇರೆಯೇ ಕೊಳವೆಯಿರುತ್ತದೆ. ಸವೆದರೆ ಅದನ್ನು ಕಿತ್ತು ಹೊಸದನ್ನು ಕೂರಿಸಿದರಾಯಿತು, ಇಂಜಿನಿಗೆ ಮರುಜನ್ಮ. ದುರಸ್ತಿಯಾಗಲೆಂದೇ ಹುಟ್ಟಿದ ಯಂತ್ರ ಅದು. ೧೯೫೪ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಲ್ಲಿ ಜೆಮ್‌ಷೆಡ್‌ಪುರದ ಟಾಟಾ ಕಾರ್ಖಾನೆಯಿಂದ ಹೊರಬರತೊಡಗಿದ ಲಾರಿಗಳು ಭಾರತದ ಹಾದಿಬೀದಿಗಳನ್ನು ಆಳಿದ್ದು ಈ ಗುಣದಿಂದಲೇ. ಸಹಯೋಗ ೧೯೬೯ರಲ್ಲಿ ಮುಗಿದು, ಮುಂಭಾಗದ ಮೂರು ಮೂಲೆಯ ನಕ್ಷತ್ರ ಮರೆಯಾಯಿತು. ನಕ್ಷತ್ರ ಹೊತ್ತ ಲಾರಿಗಳು ಮಾತ್ರ ಅದಾದ ಎಷ್ಟೋ ವರ್ಷ ಘಟ್ಟ ಹತ್ತಿ ಇಳಿಯುತ್ತಲೇ ಇದ್ದವು.

ಕರ್ನಾಟಕದ ಸಾರಿಗೆ ಸಂಸ್ಥೆಯವರು ಈ ವಿದ್ಯೆಯನ್ನು ಈಚೆಗೆ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದಾರೆ. ಕೋವಿಡ್ ಕಾಲದ ನಷ್ಟದಿಂದ ಹೊಸ ಬಸ್ಸು ಕೊಳ್ಳಲು ಕೈ ಕಟ್ಟಿಹೋಗಿದ್ದಾಗ, ಲಕ್ಷಾಂತರ ಕಿಲೋಮೀಟರು ಓಡಿ ಮೂಲೆಗೆ ಸೇರಬೇಕಾಗಿದ್ದ ಬಸ್ಸುಗಳನ್ನು ತಮ್ಮದೇ ಕಾರ್ಯಾಗಾರಗಳಿಗೆ ತಂದು, ಕೊಳೆತ ತಗಡನ್ನು ಕಿತ್ತುಹಾಕಿ, ಹೊಸ ಮೈ ಕಟ್ಟಿ, ಆಸನ ಬದಲಿಸಿ, ನೂರಾರು ಬಸ್ಸುಗಳನ್ನು ಮತ್ತೆ ರಸ್ತೆಗಿಳಿಸಿದರು. ತಗುಲಿದ ಹಣ ಹೊಸ ಬಸ್ಸಿನ ಬೆಲೆಯ ಒಂದು ಸಣ್ಣ ಅಂಶ. ಹತ್ತುವ ಪ್ರಯಾಣಿಕರಲ್ಲಿ ಹಲವರು ಅದನ್ನು ಹೊಸ ಬಸ್ಸೆಂದೇ ತಿಳಿಯುತ್ತಾರೆ.

ಕಾಯುವ ಕಾಲ, ಕಾಪಾಡುವ ಕಾಲ

ನಗರದ ಮಧ್ಯಮವರ್ಗದ ಸಂಸಾರಗಳಲ್ಲಿ ಹಳೆಯ ಕಾರಿನ ಮೇಲಿನ ಮಮತೆಗೆ ಒಂದು ಚರಿತ್ರೆಯುಂಟು. ಕಲ್ಕತ್ತೆಯ ಹತ್ತಿರದ ಉತ್ತರಪಾರದಲ್ಲಿ ೧೯೫೭ರಿಂದ ಅಂಬಾಸಿಡರ್. ಮುಂಬಯಿಯ ಕುರ್ಲಾದಲ್ಲಿ ಫಿಯೆಟ್, ಮುಂದೆ ಅದೇ ಪ್ರೀಮಿಯರ್ ಪದ್ಮಿನಿ. ಕೊಳ್ಳಲು ಹಣವಿದ್ದರೆ ಸಾಲದು, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಹೆಸರು ಬರೆಸಿದಾಗ ಹುಟ್ಟಿದ ಮಗು, ಕಾರು ಬಾಗಿಲಿಗೆ ಬರುವ ಹೊತ್ತಿಗೆ ಶಾಲೆಗೆ ಹೋಗುತ್ತಿದ್ದುದು ಉಂಟು. ಹೀಗೆ ಬಂದ ಗಾಡಿಯನ್ನು ನಾಲ್ಕು ವರ್ಷಕ್ಕೆ ಮಾರಿ ಬೇರೆ ಕೊಳ್ಳುವ ಮಾತೆಲ್ಲಿ ಬಂತು? ತಂದೆಯ ಕಾರನ್ನು ಮಗ, ಮಗನಿಂದ ಮೊಮ್ಮಗ ಓಡಿಸಿದರು. ಮದುವೆಗೆ ಅಲಂಕಾರ, ಹೆರಿಗೆಗೆ ಆಸ್ಪತ್ರೆ, ಪರೀಕ್ಷೆಯ ದಿನದ ಪ್ರಯಾಣ ಎಲ್ಲಕ್ಕೂ ಅದೊಂದೇ.

ಆ ಕಾರುಗಳು ಯಂತ್ರಕೌಶಲದಲ್ಲಿ ಶ್ರೇಷ್ಠವೆಂದು ಹೇಳಿದರೆ ಉತ್ಪ್ರೇಕ್ಷೆ. ಬಾಗಿಲು ಹಾಕಲು ಬಲಪ್ರಯೋಗ ಬೇಕಾಗುತ್ತಿತ್ತು. ಘಟ್ಟ ಹತ್ತುವಾಗ ನೀರು ಕುದಿಯುತ್ತಿತ್ತು. ಆದರೆ ಕೆಟ್ಟದ್ದೆಲ್ಲವನ್ನೂ ಸರಿಮಾಡಲು ಸಾಧ್ಯವಿತ್ತು. ಅರಸೀಕೆರೆಯಲ್ಲಾಗಲಿ, ಸಾಗರದಲ್ಲಾಗಲಿ, ಮರದಡಿ ಗ್ಯಾರೇಜು ಇಟ್ಟ ಮೇಸ್ತ್ರಿಗೆ ಸ್ಪ್ಯಾನರು, ಸುತ್ತಿಗೆ, ಕಿವಿ ಇವು ಮೂರಿದ್ದರೆ ಸಾಕು, ಗಾಡಿ ಸಂಜೆಗೆ ಊರು ಸೇರುತ್ತಿತ್ತು. ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ. ಹಾಗೆ ನೋಡಿದರೆ ಕ್ಯೂಬಾದಲ್ಲಿ ನಡೆದಿರುವುದೂ ಇದೇ. ೧೯೫೯ರ ಕ್ರಾಂತಿಯ ನಂತರ ಅಮೆರಿಕದೊಡನೆ ವ್ಯಾಪಾರ ಮುರಿದುಬಿದ್ದು, ಅಲ್ಲಿಂದ ಹೊಸ ಕಾರುಗಳ ಬರವೂ ನಿಂತುಹೋಗಿ, ೧೯೫೦ರ ದಶಕದ ಅಮೆರಿಕನ್ ಕಾರುಗಳನ್ನೇ ಹವಾನಾದ ಮೇಸ್ತ್ರಿಗಳು ರಷ್ಯದ ಇಂಜಿನುಗಳನ್ನು ಕೂಡ ಹಾಕಿ ಇಂದಿನವರೆಗೂ ಓಡಿಸುತ್ತ ಬಂದಿದ್ದಾರೆ. ಕೊರತೆ ಕಲಿಸಿದ ವಿದ್ಯೆ.

೧೯೮೩ರ ಡಿಸೆಂಬರಿನಲ್ಲಿ ಮಾರುತಿ ಬಂದು ದೃಶ್ಯ ಬದಲಾಯಿತು. ಪದ್ಮಿನಿಯ ತಯಾರಿಕೆ ಶತಮಾನದ ತಿರುವಿನ ಹೊತ್ತಿಗೆ ಮುಗಿಯಿತು. ಅಂಬಾಸಿಡರಿನ ಕಾರ್ಖಾನೆ ೨೦೧೪ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಧರ್ಮಸ್ಥಳದ ‘ಮಂಜೂಷಾ’ ವಸ್ತುಸಂಗ್ರಹಾಲಯದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿಯೂ ಹಳೆಯ ಕಾರುಗಳು ಮಿರಮಿರನೆ ಮಿಂಚುತ್ತ ನಿಂತಿರುವುದನ್ನು ರಜೆಯಲ್ಲಿ ಮಕ್ಕಳಿಗೆ ತೋರಿಸಬಹುದು. ನಿತ್ಯ ಓಡಿಸುವವರ ಕಷ್ಟಸುಖ ಬೇರೆ.

ಮೊದಲನೆಯದು ಹಣದ ಲೆಕ್ಕ. ಹತ್ತು ಲಕ್ಷಕ್ಕೆ ಕೊಂಡ ಹೊಸ ಕಾರಿನ ಬೆಲೆ, ವಿಮೆಯವರ ಪಟ್ಟಿಯ ಪ್ರಕಾರವೇ, ಐದು ವರ್ಷ ತುಂಬುವಷ್ಟರಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ ವರ್ಷಕ್ಕೊಂದು ಲಕ್ಷ ರೂಪಾಯಿ, ಕಾರು ನಿಂತಿದ್ದರೂ ಕರಗುತ್ತದೆ. ಸಾಲದ ಬಡ್ಡಿ ಅದರ ಮೇಲೆ. ಹನ್ನೆರಡು ವರ್ಷದ ಹಳೆಯ ಕಾರಿಗೆ ಒಂದು ವರ್ಷದಲ್ಲಿ ನಲವತ್ತು ಸಾವಿರ ರೂಪಾಯಿ ದುರಸ್ತಿಗೆ ಹೋದಾಗ ಮನೆಯ ಯಜಮಾನರು ಹೌಹಾರುತ್ತಾರೆ. ಒಮ್ಮೆಗೇ ಕಾಣುವ ಖರ್ಚು ಕಣ್ಣಿಗೆ ಕುಕ್ಕುತ್ತದೆ, ತಿಂಗಳ ಕಂತಿನಲ್ಲಿ ಹೋಗುವುದು ಕಾಣುವುದಿಲ್ಲ. ಆದರೆ ಈ ಲೆಕ್ಕ ಎಲ್ಲ ಹಳೆಯ ಕಾರಿಗೂ ಸಲ್ಲದು. ತಳಭಾಗದ ಚೌಕಟ್ಟಿಗೇ ತುಕ್ಕು ಹಿಡಿದಿದ್ದರೆ, ಮಂಗಳೂರು ಉಡುಪಿಗಳ ಕಡಲಗಾಳಿಯಲ್ಲಿ ಇದು ಅಪರೂಪವಲ್ಲ, ಆ ಗಾಡಿಗೆ ಹಾಕಿದ ಹಣ ಹೊಳೆಗೆ ಹಾಕಿದಂತೆಯೇ. ಇಂಜಿನು ಕೆಟ್ಟರೆ ಬದಲಿಸಬಹುದು. ಮೈಯೇ ಕೊಳೆತರೆ ಮೇಸ್ತ್ರಿಯೂ ಕೈಚೆಲ್ಲುತ್ತಾನೆ.

ಹೆಚ್ಚು ಓಡಬೇಕಾದ ಗಾಡಿಗೆ ಬೇಕಾದ ಉಪಚಾರಗಳೇನೂ ಗಹನವಲ್ಲ. ಕಡಿಮೆ ಓಡಿದರೂ ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಬೇಕು. ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರನ್ನು ಸುರಿಯಬಾರದು; ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿಯ ಹೊಪ್ಪಳೆ ಅಲ್ಲಿಯೂ ಕಟ್ಟಿ, ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ಕೂಲೆಂಟ್ ದ್ರವಕ್ಕೆ ತಗುಲುವ ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಇಂಜಿನಿನ ತಲೆಯನ್ನೇ ಬಾಗಿಸಿಕೊಂಡವರಿದ್ದಾರೆ. ಟೈಮಿಂಗ್ ಬೆಲ್ಟ್ ಎಂಬ ರಬ್ಬರಿನ ಪಟ್ಟಿಯಿರುವ ಗಾಡಿಗಳಲ್ಲಿ, ಅದು ನೋಡಲು ಚೆನ್ನಾಗಿದ್ದರೂ ಕೈಪಿಡಿ ಹೇಳಿದ ಅವಧಿಗೆ ಬದಲಿಸಲೇಬೇಕು. ಅದು ಮುನ್ಸೂಚನೆ ಕೊಡದೆ ಹರಿಯುತ್ತದೆ. ಹರಿದ ಕ್ಷಣದಲ್ಲಿ ಅನೇಕ ಇಂಜಿನುಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಲ್ಲವೂ ಮುರಿಯುತ್ತದೆ. ಸರಪಳಿಯಿರುವ ಇಂಜಿನಿನವರಿಗೆ ಈ ಭಯ ಕಡಿಮೆ. ಇವೆಲ್ಲಕ್ಕಿಂತ ಮಿಗಿಲಾಗಿ ಒಂದು ನೋಟುಪುಸ್ತಕ ಬೇಕು. ಎಷ್ಟನೆಯ ಕಿಲೋಮೀಟರಿನಲ್ಲಿ ಏನು ಬದಲಾಯಿತು, ಎಷ್ಟು ಕೊಟ್ಟದ್ದು ಎಂದು ಹಾಲಿನ ಲೆಕ್ಕದಂತೆ ಬರೆದಿಟ್ಟ ಪುಸ್ತಕ. ಮನೆಯಾಕೆ ಈ ಪುಸ್ತಕ ಇಟ್ಟಿರುವ ಮನೆಗಳಲ್ಲಿ ಗಾಡಿ ಹೆಚ್ಚು ಕಾಲ ಬಾಳಿದರೆ ಅಚ್ಚರಿಪಡಬೇಕಾದ್ದಿಲ್ಲ.

ಪೆಟ್ರೋಲಿನ ಗುಣವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ೨೦೦೦ನೆಯ ಇಸವಿಯಲ್ಲಿ ದೇಶದೆಲ್ಲೆಡೆ ಪೆಟ್ರೋಲಿನಿಂದ ಸೀಸವನ್ನು ತೆಗೆದಾಗ, ಆ ಸೀಸದ ಲೇಪನವನ್ನೇ ನೆಚ್ಚಿದ್ದ ಹಳೆಯ ಇಂಜಿನುಗಳ ವಾಲ್ವಿನ ಪೀಠಗಳು ಸವೆಯತೊಡಗಿ, ಗಟ್ಟಿ ಲೋಹದ ಪೀಠ ಹಾಕಿಸಬೇಕಾಯಿತು. ಮಕ್ಕಳ ಮೆದುಳಿಗೆ ವಿಷವಾಗಿದ್ದ ಸೀಸ ಹೋದದ್ದು ಒಳ್ಳೆಯದೇ. ಕಾರಿನವರು ಗೊಣಗಿ ಸುಮ್ಮನಾದರು. ಈಗ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು ೨೦೨೫ರಿಂದ ಎಲ್ಲೆಡೆ ಬಂದಿದೆ. ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ. ಆದ್ದರಿಂದ ಮೈಲೇಜು ತುಸು ಇಳಿಯುತ್ತದೆ. ಇದಕ್ಕೆಂದು ತಯಾರಾಗದ ಹಳೆಯ ಗಾಡಿಗಳ ರಬ್ಬರ್ ಕೊಳವೆ, ವಾಷರುಗಳು ಅದರಲ್ಲಿ ಊದಿಕೊಂಡು ಬಿರಿಯುವ ಸಂಭವವುಂಟು. ಪೆಟ್ರೋಲು ಸೋರಿದರೆ ಬೆಂಕಿಯ ಮಾತು. ಹಳೆಯ ಕಾರಿನವರು ಪೆಟ್ರೋಲಿನ ಕೊಳವೆಗಳನ್ನು ಒಮ್ಮೆ ಪೂರ್ತಿಯಾಗಿ ಪರೀಕ್ಷೆ ಮಾಡಿಸಿ, ಬೇಕಾದರೆ ಹೊಸ ಬಗೆಯ ರಬ್ಬರು ಹಾಕಿಸುವುದು ಲೇಸು.

ಗಾಳಿಯ ಪಾಲು

ಹಳೆಯ ಗಾಡಿಯ ಗುಣಗಾನದ ನಡುವೆ ಅದರ ಬೆನ್ನ ಹಿಂದಿನ ಹೊಗೆಯನ್ನು ಮರೆಯುವುದು ನ್ಯಾಯವಲ್ಲ. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರು ಎಂಬ ಸಾಧನ ಅಂಬಾಸಿಡರ್, ಪದ್ಮಿನಿಗಳ ಹಳೆಯ ತಲೆಮಾರಿನಲ್ಲಿ ಇರಲೇ ಇಲ್ಲ. ೨೦೨೦ರ ಏಪ್ರಿಲಿನಿಂದ ಮಾರಾಟವಾಗುವ ಭಾರತ್ ಸ್ಟೇಜ್ ೬ರ ಗಾಡಿಯ ಪಕ್ಕದಲ್ಲಿ, ಮೂವತ್ತು ವರ್ಷದ ಡೀಸೆಲ್ ಲಾರಿ ಕಾರುವ ಮಸಿ ಎಷ್ಟೋ ಪಟ್ಟು ಹೆಚ್ಚು. ಇಂಜಿನನ್ನು ಎಷ್ಟು ಪ್ರೀತಿಯಿಂದ ಸಾಕಿದರೂ ಈ ಅಂತರ ಪೂರ್ತಿಯಾಗಿ ಮುಚ್ಚುವುದಿಲ್ಲ. ಅಪಘಾತವಾದರೆ ರಕ್ಷಿಸುವ ಗಾಳಿಚೀಲಗಳೂ ಹಳೆಯದರಲ್ಲಿ ಇಲ್ಲ. ಅನೇಕದರಲ್ಲಿ ಹಿಂದಿನ ಆಸನಕ್ಕೆ ಬೆಲ್ಟೂ ಇಲ್ಲ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೊರಡುವ ಮುನ್ನ ಅಜ್ಜನವರು ಈ ಮಾತನ್ನು ಮಮತೆಯಿಂದ ಬೇರೆಯಿಟ್ಟು ತೂಗಬೇಕು.

ಆದರೆ ದಂಡಿಸಬೇಕಾದದ್ದು ವಯಸ್ಸನ್ನೋ, ಹೊಗೆಯನ್ನೋ? ದೆಹಲಿಯಲ್ಲಿ ಈ ಪ್ರಶ್ನೆ ವರ್ಷಗಳಿಂದ ಕುದಿಯುತ್ತಿದೆ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ, ಹದಿನೈದು ಮೀರಿದ ಪೆಟ್ರೋಲ್ ಗಾಡಿ ರಾಜಧಾನಿಯ ರಸ್ತೆಯಲ್ಲಿ ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೧೫ರ ಹೊತ್ತಿಗೆ ಆದೇಶಿಸಿತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ೨೦೨೫ರ ಜುಲೈ ಒಂದರಿಂದ ಅಂಥವಕ್ಕೆ ಪೆಟ್ರೋಲೇ ಹಾಕಬಾರದೆಂಬ ಕಟ್ಟಳೆ ಬಂದು, ಜನರ ಆಕ್ರೋಶಕ್ಕೆ ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ಮರುತಿಂಗಳು, ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ಅದೇ ಸರ್ವೋಚ್ಚ ನ್ಯಾಯಾಲಯ ಹೇಳಿತು. ವಾರಕ್ಕೊಮ್ಮೆ ಹೊರಬರುವ, ಚೆನ್ನಾಗಿ ಸಾಕಿದ ನಿವೃತ್ತರೊಬ್ಬರ ಹದಿನಾರು ವರ್ಷದ ಕಾರೂ, ಹಗಲಿರುಳು ಹೊಗೆಯುಗುಳುವ ಒಂಬತ್ತು ವರ್ಷದ ಸರಕುಗಾಡಿಯೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮೊದಲನೆಯದಕ್ಕೆ ಶಿಕ್ಷೆ, ಎರಡನೆಯದಕ್ಕೆ ಬಿಡುಗಡೆ. ಹೊಗೆಯನ್ನು ನಿಜವಾಗಿ ಅಳೆಯುವ ಪರೀಕ್ಷೆ ಬಿಗಿಯಾಗಿದ್ದರೆ ಈ ಜಗಳದ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಸಿಗುವ ಮಾಲಿನ್ಯದ ಚೀಟಿಯನ್ನು ಎಷ್ಟು ನಂಬಬಹುದೆಂಬುದು ವಾಹನವಿರುವ ಎಲ್ಲರಿಗೂ ಗೊತ್ತು.

ಕರ್ನಾಟಕದಲ್ಲಿ ಅಂಥ ನಿಷೇಧವಿಲ್ಲ. ಸ್ವಂತದ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಸುಸ್ಥಿತಿಯ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಅವಧಿ ಮುಗಿಯುವ ಹಿಂದಿನ ಅರವತ್ತು ದಿನಗಳೊಳಗೆ ಅರ್ಜಿ ಹಾಕಬೇಕು. ೨೦೨೨ರ ಏಪ್ರಿಲಿನವರೆಗೆ ಆರುನೂರು ರೂಪಾಯಿಯಿದ್ದ ಶುಲ್ಕ ಐದು ಸಾವಿರಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ ೨೦೨೫ರ ಆಗಸ್ಟಿನಿಂದ ಹತ್ತು ಸಾವಿರ. ಹಸಿರು ತೆರಿಗೆ ಬೇರೆ. ಸರ್ಕಾರದ ಸ್ವಂತ ವಾಹನಗಳಿಗಂತೂ ಹದಿನೈದು ತುಂಬಿದ ಮೇಲೆ ನವೀಕರಣವೇ ಇಲ್ಲವೆಂಬ ನಿಯಮ ೨೦೨೩ರ ಏಪ್ರಿಲಿನಿಂದ ಜಾರಿಯಲ್ಲಿದೆ. ಜಿಲ್ಲಾ ಕಚೇರಿಗಳ ಹಿತ್ತಲಿನಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತ ಬಿಳಿಯ ಅಂಬಾಸಿಡರುಗಳ ಸಾಲು ಅದಕ್ಕೂ ಎಷ್ಟೋ ಮೊದಲೇ ಬೆಳೆದಿತ್ತು.

ಮುಂಬಯಿಯಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಗಡುವು. ಕಪ್ಪು ಮೈ, ಹಳದಿ ಮಾಡಿನ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕಟ್ಟಕಡೆಯದು ಅಲ್ಲಿ ನೋಂದಣಿಯಾದದ್ದು ೨೦೦೩ರ ಅಕ್ಟೋಬರ್ ೨೯ರಂದು. ೨೦೨೩ರ ಅಕ್ಟೋಬರ್ ೩೦ರ ಬೆಳಗ್ಗೆ, ಇಂಜಿನು ಚಾಲೂ ಆಗುವ ಸ್ಥಿತಿಯಲ್ಲಿದ್ದರೂ, ಅದು ಬಾಡಿಗೆಗೆ ಹೊರಡಲಿಲ್ಲ.